ಎರವಲು ಅಂಚು, ಕೊಟ್ಟ ಅಂಚು

ಎರಡು ಕಂಪ್ಯೂಟರ್‌ಗಳಿಗೂ ಊರಿನ ಹೆಸರಿಟ್ಟವರು ನಮ್ಮ ಸಂಘದ ಅಟೆಂಡರ್. ಕಿಟಕಿ ಪಕ್ಕದ ಡಬ್ಬದ ಮೇಲೆ ಸೀಮೆಸುಣ್ಣದಲ್ಲಿ ‘ಹನೂರು’ ಎಂದು ಬರೆದರು, ಗೋಡೆ ಪಕ್ಕದ್ದರ ಮೇಲೆ ‘ಯಳಂದೂರು’ ಎಂದು. ನಾನು ಹನೂರಿನಾಚೆಯ ಕೌದಳ್ಳಿಯವಳು. ಹೊಸದಾಗಿ ಬಂದ ಹುಡುಗ ಯಳಂದೂರಿನವನು. ಕೊಳ್ಳೇಗಾಲದ ರೇಷ್ಮೆ ನೇಕಾರರ ಸಂಘವೊಂದರ ಆ ಕೋಣೆಯಲ್ಲಿ ನಾವಿಬ್ಬರೂ ಒಂದೊಂದು ಆಬ್ಜೆಕ್ಟ್ ಡೇಟಾಬೇಸನ್ನು ಪರೀಕ್ಷೆ ಮಾಡುತ್ತಿದ್ದೆವು. ಎರಡರಲ್ಲಿ ಯಾವುದು ವಾಸಿ ಎಂದು ಆಡಳಿತ ಮಂಡಳಿಗೆ ವರದಿ ಕೊಡಬೇಕಿತ್ತು.

“ಯಾವ್ದ್ ಗೆಲ್ತದವ್ವ? ಅನೂರಾ, ಯಳಂದೂರಾ?” ಅಟೆಂಡರ್ ಟೀ ಲೋಟ ಇಡುವಾಗಲೆಲ್ಲ ಕೇಳುತ್ತಿದ್ದರು.

“ಎತ್ತಿನ ಗಾಡಿ ಓಟ ಅಲ್ಲ ಕಣಣ್ಣ ಇದು,” ಎನ್ನುತ್ತಿದ್ದೆ.

ಬಾಯಲ್ಲಿ ಹಾಗೆನ್ನುತ್ತಿದ್ದೆನೇ ಹೊರತು ನನಗದು ಓಟವೇ ಆಗಿತ್ತು. ಯಾರ ಡೇಟಾಬೇಸ್ ಆಯ್ಕೆಯಾಗುತ್ತದೋ ಅವರು ಕೊಳ್ಳೇಗಾಲದಲ್ಲೇ ಉಳಿದು ವಿನ್ಯಾಸ ವಿಭಾಗ ನೋಡಿಕೊಳ್ಳಬೇಕು, ಇನ್ನೊಬ್ಬರು ಹನೂರಿನ ಶಾಖೆಗೆ ಹೋಗಬೇಕು ಎಂದು ಕಾರ್ಯದರ್ಶಿಗಳು ಹೇಳಿಬಿಟ್ಟಿದ್ದರು. ವಿಭಾಗದ ಆ ಕುರ್ಚಿ ನನ್ನದೆಂದು ನಾನು ಎಂದೋ ತೀರ್ಮಾನಿಸಿದ್ದೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ಕೌದಳ್ಳಿಯಿಂದ ಕೊಳ್ಳೇಗಾಲದ ಕಾಲೇಜಿಗೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಓದಿದವಳು. ಸಂಘದ ವಿನ್ಯಾಸಗಳನ್ನೆಲ್ಲ ಮನೆಮನೆಗೆ ಅಲೆದು ಕಂಪ್ಯೂಟರ್‌ಗೆ ಏರಿಸಿದವಳೂ ನಾನೇ. ಈ ಹುಡುಗ ಬಂದದ್ದು ಮೈಸೂರಿನ ಇಂಜಿನಿಯರಿಂಗ್ ಕಾಲೇಜಿನಿಂದ, ಅಪ್ಪನ ಬೈಕಿನಲ್ಲಿ. ಅಪ್ಪ ಮೇಷ್ಟ್ರು, ಅಮ್ಮನೂ ಮೇಷ್ಟ್ರು.

ಹಳೆಯ ಪದ್ಧತಿಯಲ್ಲಿ ನಾನು ಸೀರೆಗಳನ್ನು ಟೇಬಲ್‌ಗಳಲ್ಲಿ ಇಟ್ಟಿದ್ದೆ. ಸೀರೆಗೊಂದು ಟೇಬಲ್, ಅಂಚಿಗೊಂದು, ಸೆರಗಿಗೊಂದು, ಅಂಚಿನೊಳಗೆ ಹಂಸದಂಥ ಚಿತ್ತಾರಗಳು, ಅಂದರೆ ಬುಟ್ಟಗಳು, ಅವಕ್ಕೊಂದು. ಆದರೆ ಸೀರೆ ಹಾಗೆ ಬಿಡಿಬಿಡಿಯಾಗಿ ಇರುವ ವಸ್ತುವಲ್ಲ. ಸೀರೆಯೊಳಗೆ ಅಂಚು, ಅಂಚಿನೊಳಗೆ ಸಾಲು, ಸಾಲಿನೊಳಗೆ ಹಂಸ, ಹಂಸದೊಳಗೆ ಯಾವ ದಾರ ಏಳಬೇಕು ಯಾವುದು ಕೂರಬೇಕು ಎಂಬ ಲೆಕ್ಕ. ಒಂದು ಸೀರೆ ತೆರೆಯಬೇಕೆಂದರೆ ಎಲ್ಲ ಟೇಬಲ್‌ಗಳನ್ನೂ ಹೊಂದಿಸಬೇಕಿತ್ತು; ಅಷ್ಟರಲ್ಲಿ ಹೋಗಿ ಟೀ ಕುಡಿದು ಬರಬಹುದಿತ್ತು. ಆಬ್ಜೆಕ್ಟ್ ಡೇಟಾಬೇಸಿನಲ್ಲಿ ಸೀರೆಯನ್ನು ಸೀರೆಯಾಗಿಯೇ ಇಡಬಹುದು. ಒಳಗಿನ ಪ್ರತಿ ಭಾಗಕ್ಕೂ ಅದರದೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ಸೀರೆಯು ಅಂಚಿನ ಗುರುತನ್ನು ಹಿಡಿದುಕೊಂಡಿರುತ್ತದೆ, ಅಂಚು ಹಂಸದ ಗುರುತನ್ನು. ಒಂದನ್ನು ಎಳೆದರೆ ಉಳಿದವು ಹಿಂದೆಯೇ ಬರುತ್ತವೆ.

ಇದನ್ನು ಅರ್ಥ ಮಾಡಿಕೊಳ್ಳಲು ನಾನು ಇಂಗ್ಲಿಷಿನ ಕೈಪಿಡಿಯನ್ನು ಪೆನ್ಸಿಲ್ ಹಿಡಿದು, ಅಡಿಗೆರೆ ಹಾಕಿ, ಮತ್ತೆ ಮತ್ತೆ ಓದಿದೆ. ಅವನು ಕಾಲು ಚಾಚಿಕೊಂಡು ಪೇಪರ್ ಓದುವ ಹಾಗೆ ಓದಿ ಮುಚ್ಚಿಟ್ಟ.

“ಏನಿಲ್ಲ ಕಣಕ್ಕ. ಪಾಯಿಂಟರ್ ಇಡ್ಕಂಡು ಓಯ್ತಾ ಇರದು ಅಷ್ಟೇಯ,” ಎಂದ.

‘ಅಕ್ಕ’ ಎನ್ನುತ್ತಿದ್ದ. ಅದೇ ದೊಡ್ಡ ಕಷ್ಟವಾಗಿತ್ತು. ಸೊಕ್ಕಿನ ಹುಡುಗನಾಗಿದ್ದರೆ ಎದುರೆದುರು ನಿಲ್ಲಬಹುದಿತ್ತು. ಬೆಳಿಗ್ಗೆ ಬಂದವನೇ “ತಿಂಡಿ ಆಯ್ತಾ ಅಕ್ಕ?” ಎಂದು ಕೇಳುವವನ ಮೇಲೆ ಹೇಗೆ ಹಗೆ ಸಾಧಿಸುವುದು? ಆದರೂ ಸಾಧಿಸಿದೆ, ಮನಸ್ಸಿನಲ್ಲೇ. ಕಾರ್ಯದರ್ಶಿಗಳು ಅವನನ್ನು “ಇಂಜಿನಿಯರ್ ಸಾ” ಎನ್ನುತ್ತಿದ್ದರು, ನನ್ನನ್ನು “ಏನ್ ಮಗಾ” ಎನ್ನುತ್ತಿದ್ದರು. ಅವರಿಗೆ ಅದರಲ್ಲಿ ವ್ಯತ್ಯಾಸವೇನೂ ಕಂಡಿರಲಿಕ್ಕಿಲ್ಲ. ನನಗೆ ದಿನಕ್ಕೊಂದು ಸಲ ಕಾಣುತ್ತಿತ್ತು.

ಹೋಲಿಕೆಗೆ ಏನೇನು ಅಳೆಯಬೇಕೆಂದು ಗೊತ್ತುಮಾಡಿದವಳು ನಾನು. ಒಂದು ಸೀರೆಯನ್ನು ಪೂರ್ತಿ ತೆರೆಯಲು ಎಷ್ಟು ಹೊತ್ತು. ಒಂದು ಬುಟ್ಟ ಯಾವ ಯಾವ ಸೀರೆಗಳಲ್ಲಿದೆ ಎಂದು ಹಿಂದುಮುಂದಾಗಿ ಹುಡುಕಲು ಎಷ್ಟು ಹೊತ್ತು. ಇಬ್ಬರು ಒಂದೇ ಸಲಕ್ಕೆ ತಿದ್ದಹೋದರೆ ಏನಾಗುತ್ತದೆ. ಕೆಲಸದ ನಡುವೆ ಅಂಚಿಗೆ ‘ಜರಿಯ ಬಗೆ’ ಎಂಬ ಹೊಸ ವಿವರ ಸೇರಿಸಿದರೆ ಹಳೆಯ ಅಂಚುಗಳು ಒಪ್ಪುತ್ತವೆಯೋ ಇಲ್ಲವೋ. ಬರೆಯುತ್ತಿರುವಾಗ ಕರೆಂಟ್ ಹೋದರೆ ಏನು ಉಳಿಯುತ್ತದೆ. ಕೊನೆಯದನ್ನು ಸೇರಿಸಲು, ದಿನವೂ ಕರೆಂಟ್ ಹೋಗುವ ಹನೂರಿನ ಕಡೆಯವರೇ ಬೇಕಿತ್ತು.

ಮೊದಲ ಪರೀಕ್ಷೆಯಲ್ಲೇ ಸೋತೆ. ನನ್ನ ಹನೂರು ಸೀರೆಯ ಭಾಗಗಳನ್ನು ಒಂದೊಂದಾಗಿ ಹೆಕ್ಕಿ ತರುತ್ತಿತ್ತು. ಅವನ ಯಳಂದೂರು ತಟ್ಟನೆ ಎದುರಿಗಿಡುತ್ತಿತ್ತು. ಹುಡುಕಾಟದಲ್ಲಿ ನನ್ನದು ಮೇಲು. ಹೊಸ ವಿವರ ಸೇರಿಸುವುದರಲ್ಲಿ ಎರಡೂ ಸಮ. ಇಬ್ಬರು ತಿದ್ದುವ ಪರೀಕ್ಷೆಯಲ್ಲಿ ಅವನದು ಒಂದು ಅಂಚಿಗೆ ಬೀಗ ಹಾಕುವ ಬದಲು ಅಕ್ಕಪಕ್ಕದ್ದಕ್ಕೆಲ್ಲ ಹಾಕಿ ಕೂತಿತು. ಅಲ್ಲಿ ನಾನು ಗೆದ್ದೆ. ಕರೆಂಟಿನ ಪರೀಕ್ಷೆಗೆ ಅಟೆಂಡರ್ ಕೈಯಲ್ಲಿ ಪ್ಲಗ್ ಕೀಳಿಸಿದೆ. ನನ್ನದು ತಾನಾಗಿ ಎದ್ದು ಕೂತಿತು. ಅವನದನ್ನು, ಮಾಡಿದ್ದನ್ನೆಲ್ಲ ಅದು ಬರೆದಿಟ್ಟುಕೊಳ್ಳುವ ಲಾಗ್ ತೆಗೆದು ಕೈಯಾರೆ ಎಬ್ಬಿಸಬೇಕಾಯಿತು.

“ಯಳಂದೂರಿಗ್ ತಲೆ ತಿರುಗ್ಬುಡ್ತು,” ಎಂದರು ಅಟೆಂಡರ್.

“ಬಿಸಿಲು ಜಾಸ್ತಿ ಅಲ್ವಾ,” ಎಂದು ಹುಡುಗನೂ ನಕ್ಕ. ಅವನು ನಗಬಾರದಿತ್ತು ಎನಿಸಿತು ನನಗೆ.

ಇಷ್ಟಾದರೂ ಎಲ್ಲರೂ ನೋಡಿದ್ದು ಅವನದನ್ನೇ. ಒಂದು ಮಧ್ಯಾಹ್ನ ಅವನು ಪ್ರೊಜೆಕ್ಟರ್ ತಂದು ಗೋಡೆಯ ಮೇಲೆ ಸೀರೆ ಬಿಚ್ಚಿ ತೋರಿಸಿದ. ಸೆರಗು ಬಿಚ್ಚಿಕೊಂಡಿತು, ಅಂಚನ್ನು ಮುಟ್ಟಿದರೆ ಹಂಸದ ಸಾಲು ದೊಡ್ಡದಾಯಿತು. ದಾರ ತೆಗೆದುಕೊಂಡು ಹೋಗಲು ಬಂದಿದ್ದ ನೇಕಾರರೆಲ್ಲ ಬಾಗಿಲಲ್ಲಿ ಗುಂಪುಗಟ್ಟಿದರು.

“ಏನ್ ಮಗಾ, ನಿಂದು ಬರೀ ಅಂಕಿನೇಯಾ?” ಎಂದರು ಕಾರ್ಯದರ್ಶಿಗಳು. “ಉಡ್ಗನ್ದು ನೋಡು, ಸೆರಗೇ ಆರಾಡ್ತದೆ.”

ಆ ವಾರವೇ ಒಂದು ಮನೆಯ, ವಿನ್ಯಾಸ ನೋಡಿ ತಾನೇ ದಾರ ಎತ್ತುವ ಎಲೆಕ್ಟ್ರಾನಿಕ್ ಜಕಾರ್ಡ್ ಮಗ್ಗಕ್ಕೆ ಯಳಂದೂರಿನಿಂದಲೇ ವಿನ್ಯಾಸ ಕೊಡಲು ಶುರುಮಾಡಿದರು. ಬೆಳಿಗ್ಗೆ ಆ ದಿನ ನೇಯುವಷ್ಟು ಭಾಗವನ್ನು ಪೆನ್‌ಡ್ರೈವಿಗೆ ಹಾಕಿಕೊಡುವುದು, ಅವರು ಒಯ್ದು ಮಗ್ಗಕ್ಕೆ ಚುಚ್ಚುವುದು. ಪರೀಕ್ಷೆ ಮುಗಿಯುವ ಮೊದಲೇ ಫಲಿತಾಂಶ ಬಂದ ಹಾಗಿತ್ತು.

ಸುಮ್ಮನೆ ಕೂರಲಾಗಲಿಲ್ಲ. ಅವನದು ಅಷ್ಟು ಚುರುಕಾಗಿರಲು ಏನೋ ಕಳ್ಳತನ ಇರಲೇಬೇಕು ಎನಿಸಿತು. ಒಳ್ಳೆಯ ಮನಸ್ಸಿನಿಂದ ನಾನು ಯಾರ ಕೋಡನ್ನೂ ಅಷ್ಟು ಶ್ರದ್ಧೆಯಿಂದ ಓದಿಲ್ಲ. ಅವನು ಊಟಕ್ಕೆ ಹೋದಾಗ ಯಳಂದೂರಿನ ಮುಂದೆ ಕೂತು ಒಳಗಿರುವ ಅಂಚುಗಳನ್ನು ಎಣಿಸಿದೆ. ನಾನು ಕೊಟ್ಟಿದ್ದಕ್ಕಿಂತ ಕಡಿಮೆ ಇದ್ದವು. ಯಾವುವು ಕಾಣೆಯಾದವು ಎಂದು ಹುಡುಕಿದೆ. ಕಾಣೆಯಾಗಿರಲಿಲ್ಲ. ಹಳೆಯ ಟೇಬಲ್‌ಗಳಿಂದ ತರುವಾಗ ಅವನ ಪ್ರೋಗ್ರಾಮು ಒಂದೇ ತರಹದ ಅಂಚುಗಳನ್ನು ಕಂಡಲ್ಲೆಲ್ಲ ಎರಡನ್ನು ಸೇರಿಸಿ ಒಂದು ಮಾಡಿತ್ತು. ಎರಡು ಮನೆಯ ಸೀರೆಗಳು ಒಂದೇ ಗುರುತಿನ ಅಂಚನ್ನು ಹಿಡಿದುಕೊಂಡಿದ್ದವು.

ಇದರಲ್ಲಿ ತಪ್ಪೇನು ಎಂದು ಹೊರಗಿನವರು ಕೇಳಬಹುದು. ನಮ್ಮ ಸಂಘದ ಮನೆಗಳಲ್ಲಿ ಅಂಚು ಎರಡು ದಾರಿಯಲ್ಲಿ ಮನೆ ದಾಟುತ್ತದೆ. ಒಂದು ಎರವಲು. ತೂತು ಹೊಡೆದ ರಟ್ಟಿನ ಕಾರ್ಡುಗಳಲ್ಲಿ ವಿನ್ಯಾಸ ಇರುತ್ತಿದ್ದ ಕಾಲದಲ್ಲಿ ಕಾರ್ಡಿನ ಕಟ್ಟನ್ನೇ ಒಯ್ಯುತ್ತಿದ್ದರು, ನೇಯ್ದು ತಂದುಕೊಡುತ್ತಿದ್ದರು. ಆ ಅಂಚು ಕೊಟ್ಟ ಮನೆಯದೇ. ಅವರು ತಿದ್ದಿದರೆ ಎರವಲು ಪಡೆದವರೂ ತಿದ್ದಿದ್ದನ್ನೇ ನೇಯಬೇಕು. ಇನ್ನೊಂದು ಕೊಟ್ಟದ್ದು. ಮಗಳನ್ನು ಇನ್ನೊಂದು ಮಗ್ಗದ ಮನೆಗೆ ಮದುವೆ ಮಾಡಿ ಕಳಿಸುವಾಗ ತವರಿನ ಒಂದು ಅಂಚನ್ನು ಹೊಸದಾಗಿ ಕಾರ್ಡು ಹೊಡೆಸಿ ಜೊತೆಗೆ ಕಳಿಸುತ್ತಾರೆ. ನೋಡಲು ಎರಡೂ ಒಂದೇ. ಆದರೆ ಕೊಟ್ಟ ಗಳಿಗೆಯಿಂದ ಅದು ಬೇರೆ ಅಂಚು. ತವರಿನವರು ತಮ್ಮದನ್ನು ಏನು ಮಾಡಿಕೊಂಡರೂ ಮಗಳ ಮನೆಯದಕ್ಕೆ ಸೋಕಬಾರದು. ಮನೆಮನೆ ಅಲೆದವಳಾದ್ದರಿಂದ ನನಗೆ ಇದು ಗೊತ್ತಿತ್ತು. ಅವನಿಗೆ ಯಾರೂ ಹೇಳಿರಲಿಲ್ಲ. ನಾನಂತೂ ಹೇಳಿರಲಿಲ್ಲ.

ಅವನು ಊಟದಿಂದ ಬರುವಷ್ಟರಲ್ಲಿ ನನ್ನ ಜಾಗಕ್ಕೆ ಬಂದು ಕೂತಿದ್ದೆ. ಮಂಡಳಿಯ ಸಭೆ ಹತ್ತಿರವಿತ್ತು. ಅಲ್ಲಿ ಎದ್ದು ನಿಂತು, ಒಂದು ಮನೆಯ ಅಂಚು ತಿದ್ದಿ ಇನ್ನೊಂದು ಮನೆಯ ಸೀರೆ ತೆರೆದು ತೋರಿಸಿದರೆ ಸಾಕು. ಏನು ಮಾತಾಡಬೇಕು ಎಂದು ಆಗಲೇ ವಾಕ್ಯ ಕಟ್ಟಿಕೊಂಡೆ.

ಮಾರನೆಯ ದಿನ, ಹಾಗೆ ಮಗಳಿಗೆ ಅಂಚು ಕೊಟ್ಟು ಕಳಿಸಿದ್ದ ಒಂದು ತವರುಮನೆಯ ಯಜಮಾನಿ ಬಂದರು. ವಯಸ್ಸಾದವರು, ಮನೆಯೊಳಗೆ ಬೇರೆ ಭಾಷೆ, ನಮ್ಮೊಡನೆ ಕನ್ನಡ. ಬಂದವರು ನೇರ ಹುಡುಗನ ಹತ್ತಿರ ಹೋದರು.

“ನಮ್ಮ ಅಂಚ್ನಲ್ಲಿ ಅಂಸದ ಸಾಲು ತೆಗ್ದಾಕಪ್ಪ. ಹೊಸ ಮಗ್ಗದಲ್ಲಿ ಕೂರಾಕಿಲ್ಲ ಅಂತಾವ್ರೆ. ಬರೀ ಗೆರೆ ಇಟ್ಬುಡು.”

“ಆಗೋಯ್ತು ನೋಡಜ್ಜಿ,” ಎಂದು ಅವನು ಒಂದು ಒತ್ತು ಒತ್ತಿದ.

“ಅಷ್ಟೇಯಾ?” ಅಜ್ಜಿ ನನ್ನ ಕಡೆ ತಿರುಗಿದರು. “ನೀನು ಮಾಡುವಾಗ ಒಂದು ಒತ್ತಾರೆ ಇಡೀತಿತ್ತಲ್ಲವ್ವ?”

ನನ್ನ ಪರದೆಯ ಕಡೆ ತಿರುಗಿಕೊಂಡೆ. ಆದರೆ ನನಗೆ ಗೊತ್ತಿತ್ತು: ಅವರ ಮಗಳ ಮನೆಯ ಮಗ್ಗವೇ ಯಳಂದೂರಿನಿಂದ ನೇಯುತ್ತಿದ್ದುದು. ಆ ಮಗ್ಗದ ಮೇಲೆ ತವರಿನಿಂದ ಕೊಟ್ಟ ಆ ಹಂಸದ ಅಂಚೇ ಇತ್ತು. ನಾಳೆ ಬೆಳಿಗ್ಗೆ ಪೆನ್‌ಡ್ರೈವಿನಲ್ಲಿ ಹೋಗುವ ಭಾಗದಲ್ಲಿ ಹಂಸ ಇರುವುದಿಲ್ಲ.

ಇದಕ್ಕಿಂತ ಒಳ್ಳೆಯ ಪರೀಕ್ಷೆ ನಾನು ಯೋಚಿಸಿದ್ದರೂ ಸಿಗುತ್ತಿರಲಿಲ್ಲ. ನಾನು ಸಭೆಯಲ್ಲಿ ಮಾತಾಡುವುದೂ ಬೇಡ. ಸೀರೆಯೇ ಮಾತಾಡುತ್ತದೆ.

ಮಧ್ಯಾಹ್ನ ಅದನ್ನು ನೋಡಿ ಬರಬೇಕೆನಿಸಿತು. ಕೆಡುವ ಮುಂಚೆ ಹೇಗಿದೆ ಎಂದು ನೋಡುವ ಕುತೂಹಲ. ಬೇರೆ ಒಳ್ಳೆಯ ಕಾರಣ ಇರಲಿಲ್ಲ. ಎರಡು ಬೀದಿ ದಾಟಿದರೆ ಆ ಮನೆ. ಮಗಳು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು.

“ಬನ್ನಿ ಮೇಡಂ. ನೀವೂ ಈಗ ಆ ಹೊಸ ಕಂಪ್ಯೂಟ್ರುಗೆ ಸೇರ್ಕಂಡ್ರಾ?”

“ನೋಡ್ಕಂಡು ಓಗುವಾಂತ ಬಂದೆ.”

“ನೋಡಿ, ಅಂಸ ಎಂಗ್ ಕೂತವೆ. ಕಾರ್ಡ್ನಲ್ಲಿ ನೇಯುವಾಗ ಒಂದೊಂದು ಅಂಸ ಕತ್ತು ಸೊಟ್ಟ ಮಾಡ್ಕತಿತ್ತು. ನಮ್ಮವ್ವನ ಮನೇಲಿ ಇನ್ಮೇಲೆ ಇದ್ನ ನೇಯಾದಿಲ್ವಂತೆ. ನನ್ ತಾವ್ಲೇ ಉಳೀತು.” ಹೇಳುವಾಗ ಅವಳ ಮುಖದಲ್ಲಿ ಜಂಬವಿತ್ತು. ನನಗೆ ಚೆನ್ನಾಗಿ ಪರಿಚಯವಿದ್ದ ಜಂಬ.

ನೇಯ್ದ ಬಟ್ಟೆ ಉರುಳೆಗೆ ಸುತ್ತಿಕೊಂಡಿತ್ತು. ಹಂಸಗಳು ಒಂದರ ಹಿಂದೊಂದು ಸೆರಗಿನ ಕಡೆಗೆ ಹೊರಟಿದ್ದವು. ನಾಳೆ ಅವು ನಡುದಾರಿಯಲ್ಲಿ ನಿಂತುಬಿಡುತ್ತವೆ. ಅವಳು ಗಮನಿಸುವಷ್ಟರಲ್ಲಿ ಒಂದಷ್ಟು ಉದ್ದ ನೇಯ್ದಿರುತ್ತಾಳೆ. ಜರಿ ಹೊಕ್ಕ ಮೇಲೆ ಬಿಚ್ಚಹೋದರೆ ರೇಷ್ಮೆ ಸೀಳುತ್ತದೆ. ನನಗೆ ಕುರ್ಚಿ ಸಿಗುತ್ತದೆ, ಆ ಉರುಳೆಯಲ್ಲಿ ಅರ್ಧ ಸೀರೆ ಇರುತ್ತದೆ.

ವಾಪಸು ಬಂದು ಹುಡುಗನನ್ನು ಮಾತಾಡಿಸುವ ಮೊದಲು ಇನ್ನೊಂದು ಕೆಲಸ ಮಾಡಿದೆ. ಅವನ ಪ್ರೋಗ್ರಾಮನ್ನು ನನ್ನ ಹನೂರಿಗೆ ಹೊಂದಿಸಿ ಓಡಿಸಿದೆ. ನನ್ನದೂ ಅದೇ ಅಂಚುಗಳನ್ನು ಸೇರಿಸಿ ಒಂದು ಮಾಡಿತು. ಅಲ್ಲಿಗೆ ಗೊತ್ತಾಯಿತು: ತಪ್ಪು ಡೇಟಾಬೇಸಿನದಲ್ಲ, ಅದಕ್ಕೆ ತುಂಬಿದವನದು. ಸಭೆಯಲ್ಲಿ ಯಾರಿಗೂ ಈ ವ್ಯತ್ಯಾಸ ಹೊಳೆಯುತ್ತಿರಲಿಲ್ಲ. ನಾವು ಹೋಲಿಸಲು ಕೂತಿದ್ದು ಎರಡು ಡೇಟಾಬೇಸುಗಳನ್ನು, ಇಬ್ಬರು ಮನುಷ್ಯರನ್ನಲ್ಲ. ನಾನು ಮಾತ್ರ ಮೊದಲ ದಿನದಿಂದ ಇಬ್ಬರು ಮನುಷ್ಯರನ್ನೇ ಹೋಲಿಸುತ್ತಿದ್ದೆ.

“ಇಲ್ಲಿ ಬಾಪ್ಪ,” ಎಂದೆ. “ಇವೆರಡರ ಗುರುತು ನೋಡು.”

ನೋಡಿದ. “ಒಂದೇ ಅದೆ. ಅಂಚೂ ಒಂದೇ ಅಲ್ವಾ ಅಕ್ಕ?”

“ಒಂದೇ ತರ ಅದೆ. ಒಂದೇ ಅಲ್ಲ.”

ಎರವಲು, ಕೊಟ್ಟದ್ದು ಎಲ್ಲ ವಿವರಿಸಿದೆ. ಮಗ್ಗದ ಮೇಲಿರುವ ಸೀರೆಯ ವಿಷಯವನ್ನೂ ಹೇಳಿದೆ.

“ಇದ್ನ ಯಾವಾಗ ನೋಡಿದ್ರಿ ಅಕ್ಕ?”

“ನೆನ್ನೆ.”

ಎರಡೂ ಗುರುತುಗಳನ್ನು ಮತ್ತೊಮ್ಮೆ ಓದಿದ. “ಸಭೆ ತಾವ್ ಏಳ್ಬೋದಿತ್ತಲ್ಲ ನೀವು.”

“ಏಳ್ಬೋದಿತ್ತು. ಕುರ್ಚಿ ಎಳ್ಕೊ, ಕೆಲ್ಸ ಅದೆ.”

ಮೊದಲು ಆ ಒಂದು ಅಂಚನ್ನು ಬಿಡಿಸಿದೆವು. ಮಗಳ ಮನೆಗೆ ಹೊಸ ಗುರುತಿನ ನಕಲು ಮಾಡಿ ಹಂಸಗಳನ್ನು ವಾಪಸು ತಂದೆವು. ಆಮೇಲೆ ಉಳಿದವು. ಪ್ರತಿ ಅಂಚಿಗೂ ಅದು ಆ ಮನೆಗೆ ಹೇಗೆ ಬಂತು ಎಂಬ ವಿವರ ಸೇರಿಸಿದೆವು. ಎರವಲಾದರೆ ಅದೇ ಗುರುತು ಹಿಡಿಯಬೇಕು, ಕೊಟ್ಟದ್ದಾದರೆ ನಕಲಾಗಬೇಕು. ನಕಲು ಎಷ್ಟು ಆಳಕ್ಕೆ ಹೋಗಬೇಕೆಂದು ಜಗಳವಾಡಿದೆವು. ಅವನು ಅಂಚು ಮಾತ್ರ ಸಾಕೆಂದ. ಅಂಚಿನೊಳಗಿನ ಹಂಸವನ್ನು ಹಂಚಿಕೊಂಡೇ ಬಿಟ್ಟರೆ ನಾಳೆ ಯಾರೋ ಕೊಕ್ಕು ತಿದ್ದಿದಾಗ ಮತ್ತೆ ಇದೇ ಕಥೆ ಎಂದೆ ನಾನು. ಹಂಸವೂ ನಕಲಾಗಲಿ, ದಾರದ ಬಣ್ಣಗಳ ಪಟ್ಟಿ ಮಾತ್ರ ಎಲ್ಲರಿಗೂ ಒಂದೇ ಇರಲಿ, ಬಣ್ಣ ಸಂಘದ್ದು ಎಂದು ತೀರ್ಮಾನವಾಯಿತು.

ಯಾವುದು ಎರವಲು, ಯಾವುದು ಕೊಟ್ಟದ್ದು ಎಂಬುದು ಬಹುಪಾಲು ನನಗೆ ನೆನಪಿತ್ತು. ಅನುಮಾನ ಇದ್ದಲ್ಲಿ ಫೋನ್ ಮಾಡಿದೆ.

“ಎರವ್ಲು ಅಂತ ತಕಂಡೋದ್ರು ಮೇಡಂ, ನಮ್ಮತ್ತೆ ಇದ್ದಾಗ,” ಎಂದಿತು ಒಂದು ಮನೆ. “ಇನ್ನೂ ಬಂದಿಲ್ಲ. ನಿಮ್ ಕಂಪ್ಯೂಟ್ರಲ್ಲೇ ಒಸಿ ಕೇಳಿ.”

ಮಾರನೆಯ ಬೆಳಿಗ್ಗೆ ಪೆನ್‌ಡ್ರೈವ್ ಹೋಯಿತು. ಹಂಸಗಳು ನಿಲ್ಲದೆ ನಡೆದವು. ಆ ಮನೆಗೆ ಏನೂ ಗೊತ್ತಾಗಲಿಲ್ಲ.

ಇನ್ನೊಂದು ಆಸೆ ಉಳಿದಿತ್ತು. ಅಂಚುಗಳನ್ನು ಸೇರಿಸಿದ್ದರಿಂದಲೇ ಅವನದು ಚುರುಕಾಗಿತ್ತು, ಬಿಡಿಸಿದ ಮೇಲೆ ನನ್ನದರ ಹಾಗೆಯೇ ತೆವಳುತ್ತದೆ ಎಂದುಕೊಂಡಿದ್ದೆ. ಎಲ್ಲ ಪರೀಕ್ಷೆಗಳನ್ನೂ ಮತ್ತೆ ನಡೆಸಿದೆ. ಕೂದಲೆಳೆಯಷ್ಟು ನಿಧಾನವಾಯಿತು, ಅಷ್ಟೇ. ಅದು ಒಂದು ಸೀರೆಯ ಭಾಗಗಳನ್ನೆಲ್ಲ ಡಿಸ್ಕಿನ ಮೇಲೆ ಅಕ್ಕಪಕ್ಕದಲ್ಲೇ ಇಡುತ್ತದೆ. ಚುರುಕು ಅದರದೇ ಗುಣ. ಕಳ್ಳತನ ಇರಲಿಲ್ಲ.

ಹಿರಿಯಳೆಂದು ವರದಿ ಬರೆಯುವ ಕೆಲಸ ನನ್ನದಾಗಿತ್ತು. ಕರೆಂಟಿನ ಪರೀಕ್ಷೆಯನ್ನು ಮೊದಲ ಸಾಲಿನಲ್ಲಿಟ್ಟು, ಸೀರೆ ತೆರೆಯುವುದನ್ನು ಕೊನೆಗಿಟ್ಟು ನೋಡಿದೆ. ಸುಳ್ಳೊಂದೂ ಇಲ್ಲದೆ ನನ್ನದೇ ಗೆಲ್ಲುವ ಹಾಗೆ ಕಾಣುತ್ತಿತ್ತು. ಆದರೆ ನೇಕಾರರು ದಿನವಿಡೀ ಮಾಡುವುದು ಸೀರೆ ತೆರೆಯುವ ಕೆಲಸವನ್ನೇ. ಬುಟ್ಟ ಹುಡುಕುವುದು ಅಪರೂಪ. ಒಂದೇ ಸಲಕ್ಕೆ ಇಬ್ಬರು ತಿದ್ದುವುದು ಇನ್ನೂ ಅಪರೂಪ. ಅಳಿಸಿ, ಮೊದಲಿನ ಕ್ರಮಕ್ಕೇ ತಂದು, ಯಳಂದೂರನ್ನು ಆರಿಸಬಹುದು ಎಂದು ಬರೆದೆ. ಕೆಳಗೆ ಇನ್ನೊಂದು ವಾಕ್ಯ ಸೇರಿಸಬೇಕಾಯಿತು: ಹನೂರಿನ ಕಡೆ ಕರೆಂಟ್ ನೆಚ್ಚುವಂತಿಲ್ಲದ ಕಾರಣ, ಇದನ್ನು ಕೈಯಾರೆ ಎಬ್ಬಿಸಬಲ್ಲ, ಅಂಚುಗಳ ಹಿನ್ನೆಲೆ ಬಲ್ಲ ಒಬ್ಬರು ಆ ಶಾಖೆಯಲ್ಲಿರಬೇಕು. ಅದು ಯಾರೆಂದು ಬರೆಯುವ ಅಗತ್ಯವಿರಲಿಲ್ಲ.

ಸಭೆಯಲ್ಲಿ ಅಧ್ಯಕ್ಷರು ಹುಡುಗನ ಬೆನ್ನು ತಟ್ಟಿದರು. ಅವನು ಎದ್ದು ನಿಂತ.

“ಇದ್ರಲ್ಲಿ ದೊಡ್ಡ ತಪ್ಪು ಮಾಡಿದ್ದೆ ಸಾ. ಅಕ್ಕ ಕಂಡಿಡಿದ್ರು. ಇಲ್ದಿದ್ರೆ ಒಂದು ಸೀರೆ ಕೆಡ್ತಿತ್ತು.”

“ಔದಾ ಮಗಾ?” ಎಂದರು ಕಾರ್ಯದರ್ಶಿಗಳು. ಎಲ್ಲರೂ ನನ್ನ ಕಡೆ ನೋಡಿದರು.

ಅದು ನನಗೆ ಖುಷಿ ಕೊಡಬೇಕಿತ್ತು. ಕೊಡಲಿಲ್ಲ. ಅಷ್ಟು ಸಲೀಸಾಗಿ ಇನ್ನೊಬ್ಬರನ್ನು ಹೊಗಳಲು ನನಗೆ ಬರುವುದಿಲ್ಲ. ಹೊಗಳಿದರೆ ನನ್ನ ಪಾಲಿನದು ಅಷ್ಟು ಕಡಿಮೆಯಾಯಿತು ಎನಿಸುತ್ತದೆ. ಕಂಬಿ ಹಿಡಿದು ನಿಂತು ಬಂದವರಿಗೆ ಸೀಟಿನ ಲೆಕ್ಕ ಬಿಡುವುದಿಲ್ಲ. ಅವನಿಗೆ ಆ ಲೆಕ್ಕವೇ ಗೊತ್ತಿಲ್ಲ. ಚುರುಕಿಗೆ, ಇಂಗ್ಲಿಷಿಗೆ, ಬೈಕಿಗೆ ಪಟ್ಟ ಹೊಟ್ಟೆಕಿಚ್ಚೆಲ್ಲ ಅವತ್ತು ಇದರ ಮುಂದೆ ಸಣ್ಣದಾಗಿ ಕಂಡಿತು.

ಈಗ ಹನೂರಿನ ಶಾಖೆಯಲ್ಲಿದ್ದೇನೆ. ಕೌದಳ್ಳಿಯಿಂದ ಬಸ್ಸಿನಲ್ಲಿ ಬರುತ್ತೇನೆ, ಹೆಚ್ಚಾಗಿ ಸೀಟು ಸಿಗುತ್ತದೆ. ಅಟೆಂಡರ್ ನನ್ನ ಹಳೆಯ ಡಬ್ಬವನ್ನೇ ಕಟ್ಟಿ ಕಳಿಸಿದ್ದಾರೆ. ಮೇಲೆ ಸೀಮೆಸುಣ್ಣದ ‘ಹನೂರು’ ಇನ್ನೂ ಅಳಿಸಿಲ್ಲ. ಒಳಗೆ ಓಡುತ್ತಿರುವುದು ಯಳಂದೂರು.

ಮೊನ್ನೆ ಮಧ್ಯಾಹ್ನ ಕರೆಂಟ್ ಹೋಯಿತು. ಬಂದ ಮೇಲೆ ಲಾಗ್ ತೆಗೆದು ಎಬ್ಬಿಸುತ್ತಿರುವಾಗ ಕೊಳ್ಳೇಗಾಲದಿಂದ ಫೋನ್.

“ಎದ್ದದಾ ಅಕ್ಕ?”

“ಎದ್ದದೆ ಬಿಡಪ್ಪ.”

“ಊಟ ಆಯ್ತಾ?”

“ಆಯ್ತು,” ಎಂದು ಇಟ್ಟೆ. ಆಗಿರಲಿಲ್ಲ.

ಎಲ್ಲ ಸರಿಯಾಗಿ ಬಂದಿದೆಯೇ ಎಂದು ನೋಡಲು ಆ ಮಗಳ ಮನೆಯ ಸೀರೆಯನ್ನು ತೆರೆದೆ. ಬೆರಳು ಎತ್ತುವುದರೊಳಗೆ ಹಂಸಗಳು ಸಾಲಾಗಿ ಬಂದು ನಿಂತವು, ಒಂದೂ ತಪ್ಪಿರಲಿಲ್ಲ. ಹೊಟ್ಟೆ ಉರಿಯಿತು. ಮುಚ್ಚಿ, ಇನ್ನೊಂದು ಸಲ ತೆರೆದೆ.